ಅಕ್ಷರಾಭ್ಯಾಸದ ಪಾಠ

ವಿಜಯದಶಮಿಯಂದು ಮಗುವಿನ ಬೆರಳನ್ನು ಹಿಡಿದು, ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಮೊದಲ ಅಕ್ಷರವನ್ನು ಬರೆಯಿಸುವ ಸಂಪ್ರದಾಯ ಕನ್ನಡಿಗರಲ್ಲಿ ಇಂದಿಗೂ ಉಳಿದಿದೆ. ಈ ಸಂಸ್ಕಾರಕ್ಕೆ ಹಿರಿಯರು ಇರಿಸಿದ ಹೆಸರು ಅಕ್ಷರಾಭ್ಯಾಸ. ಅಂದು ವರ್ಣಮಾಲೆಯೆಲ್ಲವೂ ಮಗುವಿಗೆ ಬಂದುಬಿಡಬೇಕೆಂದು ಯಾರೂ ಬಯಸುವುದಿಲ್ಲ. ಒಂದಕ್ಷರ ಮೂಡಿದರೆ ಸಾಕು. ಮರುದಿನ ಅದನ್ನೇ ಮತ್ತೆ ತಿದ್ದಬೇಕು. ಶಾರದೆಯ ಸನ್ನಿಧಿಯಲ್ಲಿ ಪೂಜೆಗೊಳ್ಳುವುದು ಈ ಪುಟ್ಟ ಆರಂಭವೇ.

ಅಭ್ಯಾಸವೆಂಬ ಮಾತಿನ ಆಳವನ್ನು ಭಗವದ್ಗೀತೆಯ ಆರನೆಯ ಅಧ್ಯಾಯ ತೋರಿಸುತ್ತದೆ. ಮನಸ್ಸು ಗಾಳಿಯಂತೆ ಹಿಡಿತಕ್ಕೆ ಸಿಗದೆಂದು ಅರ್ಜುನನು ದೂರಿದಾಗ ಶ್ರೀಕೃಷ್ಣನು ಅದನ್ನು ಅಲ್ಲಗಳೆಯುವುದಿಲ್ಲ. ಕಷ್ಟವೆಂದು ಒಪ್ಪಿಕೊಂಡೇ, ಅಭ್ಯಾಸ ಮತ್ತು ವೈರಾಗ್ಯಗಳಿಂದ ಸಾಧ್ಯವೆನ್ನುತ್ತಾನೆ. ಅದೇ ಅಧ್ಯಾಯದಲ್ಲಿ ಆಹಾರ, ವಿಹಾರ, ನಿದ್ರೆ, ಎಚ್ಚರಗಳ ಹಿತಮಿತವೂ ಉಪದೇಶಿಸಲ್ಪಟ್ಟಿದೆ. ಹೊತ್ತಿಗೆ ಉಣ್ಣುವುದು, ಹೊತ್ತಿಗೆ ಮಲಗುವುದು ಕೇವಲ ವೈದ್ಯರ ಮಾತಲ್ಲ. ಅದು ಯೋಗದ ಅಂಗ.

ಮುಂಬಯಿಯಲ್ಲಿ ಬಾಳುವವನ ದಿನಚರಿಯನ್ನು ಕಾಯುವುದು ಲೋಕಲ್ ಗಾಡಿಯ ವೇಳಾಪಟ್ಟಿ. ಮಹಾಮಾರಿಯ ಕಾಲದಲ್ಲಿ, 2020ರ ಮಾರ್ಚ್ 22ರ ನಡುರಾತ್ರಿಯಿಂದ, ಆ ಗಾಡಿಗಳೇ ನಿಂತವು. ಸಾಮಾನ್ಯ ಪ್ರಯಾಣಿಕರೆಲ್ಲರಿಗೂ, ಅದೂ ನಿಗದಿತ ವೇಳೆಗಳಲ್ಲಿ, ಮತ್ತೆ ಅವಕಾಶ ದೊರೆತದ್ದು 2021ರ ಫೆಬ್ರವರಿ 1ರಂದು. ಗಾಡಿಗಳು ಹಳಿಗೆ ಮರಳಿದವು. ಅನೇಕರ ದಿನಚರಿ ಮರಳಲಿಲ್ಲ. ನಸುಕಿನ ಸ್ನಾನ, ದೇವರ ಮುಂದಿನ ದೀಪ, ಸಂಜೆಯ ನಡಿಗೆ ಒಂದೊಂದಾಗಿ ಕೈಬಿಟ್ಟವು. ನಡುರಾತ್ರಿಯವರೆಗೆ ಕೈಯಲ್ಲಿ ಮೊಬೈಲು ಉಳಿಯಿತು.

ಬಿಟ್ಟದ್ದನ್ನು ಹಿಡಿಯಹೊರಟವನು ಮಹಾಸಂಕಲ್ಪವನ್ನೇ ತೊಡುವುದುಂಟು. ನಾಲ್ಕಕ್ಕೆ ಏಳಬೇಕು, ಸಹಸ್ರನಾಮ ಪೂರ್ತಿಯಾಗಬೇಕು, ಸಿಹಿ ಮುಟ್ಟಬಾರದು! ಮೂರನೆಯ ದಿನ ಗಾಡಿ ತಡವಾಗುತ್ತದೆ. ನಾಲ್ಕನೆಯ ದಿನ ಎಲ್ಲವೂ ಮುರಿದು, ಈ ಊರಿನಲ್ಲಿ ಇದೆಲ್ಲ ಆಗದೆಂಬ ನಿರಾಶೆ ಕವಿಯುತ್ತದೆ. ಅದರ ಬದಲು ಡೊಂಬಿವಲಿಯ ಗೃಹಸ್ಥನೊಬ್ಬನು ಸ್ನಾನವಾದೊಡನೆ ದೀಪ ಹಚ್ಚಿ ಒಂದೇ ಶ್ಲೋಕ ಹೇಳುವ ನಿಯಮ ಹಿಡಿಯಲಿ. ಸ್ನಾನ ತಪ್ಪದಿರುವಂತೆ ಶ್ಲೋಕವೂ ತಪ್ಪದು. ಅದು ನೆಲೆಗೊಂಡ ಮೇಲೆ ರಿಕ್ಷಾ ಬಿಟ್ಟು ನಿಲ್ದಾಣದವರೆಗೆ ನಡೆಯಲಿ. ಅನಂತರ ರಾತ್ರಿಯ ಊಟ ಅರ್ಧ ಗಂಟೆ ಮುಂಚೆ ಆಗಲಿ. ಒಂದು ಬೇರೂರಿದ ಬಳಿಕ ಇನ್ನೊಂದು.

ಇದಕ್ಕೆ ಈ ನಗರದ ಕನ್ನಡಿಗರ ಚರಿತ್ರೆಯೇ ಸಾಕ್ಷಿ. ತುಳುನಾಡಿನಿಂದ ಬಂದ ಎಷ್ಟೋ ಬಾಲಕರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತರು. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ಅಂಥ ಶಾಲೆಗಳನ್ನು ನಡೆಸಿದವು. ಅವರಿಗಿದ್ದುದು ದಣಿದ ದೇಹ, ರಾತ್ರಿಯ ಕೆಲವೇ ಗಳಿಗೆ. ದಿನವೂ ಅದೇ ಗಳಿಗೆಯಲ್ಲಿ ಅದೇ ಬೆಂಚಿಗೆ ಮರಳಿದುದರಿಂದಲೇ ಅವರಿಗೆ ವಿದ್ಯೆ ಒಲಿಯಿತು.

ನಡುವೆ ಒಂದು ದಿನ ತಪ್ಪಿದರೆ? ಅರ್ಜುನನಿಗೂ ಇದೇ ಭಯವಿತ್ತು. ಅರ್ಧದಲ್ಲಿ ಜಾರಿದವನು ಚದುರಿದ ಮೋಡದಂತೆ ನಾಶವಾಗುವನೇ ಎಂದು ಅವನು ಕೇಳಿದ. ಒಳಿತಿನ ದಾರಿ ಹಿಡಿದವನಿಗೆ ಕೇಡಿಲ್ಲವೆಂದು ಭಗವಂತನು ಅಭಯವಿತ್ತ. ತಪ್ಪಿದ ದಿನಕ್ಕಾಗಿ ಮರುಗುತ್ತ ಕೂರುವುದಕ್ಕಿಂತ ಮರುದಿನ ದೀಪ ಹಚ್ಚುವುದೇ ಅದಕ್ಕೆ ತಕ್ಕ ಪ್ರಾಯಶ್ಚಿತ್ತ.

ದಶಮಿಯ ವಿಜಯ ಬರುವುದು ಒಂಬತ್ತು ರಾತ್ರಿಗಳನ್ನು ಒಂದೊಂದಾಗಿ ಕಳೆದ ಮೇಲೆ. ಈ ವಿಜಯದಶಮಿಯಂದು ಮನೆಯ ಮಗುವಿನೊಡನೆ ಹಿರಿಯರೂ ತಮ್ಮ ಬಾಳಿನ ಒಂದಕ್ಷರವನ್ನು ಹೊಸದಾಗಿ ತಿದ್ದತೊಡಗಲಿ. ಅದನ್ನು ಮರುದಿನವೂ ತಿದ್ದುವ ಬಲವನ್ನು ಜಗನ್ಮಾತೆ ಸರ್ವರಿಗೂ ಕರುಣಿಸಲಿ.