ಸವರುವ ಬೆರಳು

ಕನ್ನಡದಲ್ಲಿ ‘ಸವರು’ ಎಂಬ ಹಳೆಯ ಕ್ರಿಯಾಪದವೊಂದಿದೆ. ಜ್ವರದಿಂದ ಮಲಗಿದ ಮಗುವಿನ ಬೆನ್ನನ್ನು ತಾಯಿ ಸವರುತ್ತಾಳೆ. ಯಾಜಕನು ರೋಗಿಯ ಹಣೆಗೂ ಕೈಗಳಿಗೂ ಪವಿತ್ರ ತೈಲವನ್ನು ಸವರುತ್ತಾನೆ. ಆದರೆ ತೋಟದವನು ಬೇಲಿಗೆ ಬಾಗಿದ ರೆಂಬೆಗಳನ್ನು ಕತ್ತಿಯಿಂದ ಸವರಿಹಾಕುತ್ತಾನೆ ಎಂದೂ ನಾವು ಹೇಳುತ್ತೇವೆ. ಮೃದುವಾಗಿ ಮುಟ್ಟುವುದಕ್ಕೂ ಒಂದೇ ಬೀಸಿನಲ್ಲಿ ಕತ್ತರಿಸಿ ಕೆಡವುವುದಕ್ಕೂ ನಮ್ಮ ಹಿರಿಯರು ಒಂದೇ ಶಬ್ದವನ್ನು ಬಳಸಿದ್ದಾರೆ. ಎರಡರಲ್ಲೂ ಕೈಯ ಚಲನೆ ಒಂದೇ ಬಗೆಯದು ಎಂಬುದನ್ನು ಅವರು ಗಮನಿಸಿರಬೇಕು.

ಇಂದು ನಮ್ಮ ಮನೆಗಳಲ್ಲಿ ಚಿಕ್ಕವರೂ ದೊಡ್ಡವರೂ ದಿನಕ್ಕೆ ನೂರಾರು ಬಾರಿ ಮಾಡುವ ಕೆಲಸಕ್ಕೆ ಈ ಶಬ್ದವೇ ಒಪ್ಪುತ್ತದೆ. ಜನ ಅದನ್ನು ‘ಸ್ವೈಪ್’ ಎನ್ನುತ್ತಾರೆ. ಆ ಮಾತು ನಮ್ಮ ಊರುಗಳಿಗೆ ಮೊದಲು ಬಂದದ್ದು ಬ್ಯಾಂಕಿನ ಕಾರ್ಡಿನ ಜೊತೆಗೆ. ಅಂಗಡಿಯ ಯಂತ್ರದ ಸೀಳಿನಲ್ಲಿ ಕಾರ್ಡನ್ನು ಎಳೆಯುವುದಕ್ಕೆ ಆ ಹೆಸರಿತ್ತು. ಈಗ ಅದು ಮೊಬೈಲಿನ ಗಾಜಿನ ಮೇಲೆ ಬೆರಳನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಜಾರಿಸುವ ಕ್ರಿಯೆಯ ಹೆಸರಾಗಿದೆ. ಇಷ್ಟು ಸಣ್ಣ ಕೆಲಸದಲ್ಲಿ ನೈತಿಕ ಪ್ರಶ್ನೆ ಏನಿದ್ದೀತು ಎಂದು ಕೇಳಬಹುದು. ನನ್ನ ಮಟ್ಟಿಗೆ ಅದರಲ್ಲಿ ಒಂದು ಪ್ರಶ್ನೆ ಇದೆ.

ಮೊದಲು ಆ ಗಾಜಿನ ವಿಚಾರ. ಅದರಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುದ್ವಾಹಕ ಗೆರೆಗಳ ಜಾಲವಿರುತ್ತದೆ. ಜೀವಂತ ಬೆರಳು ತಾಗಿದೊಡನೆ ಆ ಜಾಗದ ವಿದ್ಯುತ್ ಕ್ಷೇತ್ರ ತುಸು ಬದಲಾಗುತ್ತದೆ. ಆ ಬದಲಾವಣೆ ಎತ್ತ ಸಾಗಿತು ಎಂಬುದನ್ನು ಯಂತ್ರ ಲೆಕ್ಕ ಹಾಕುತ್ತದೆ. ಒಣ ಮರದ ಕಡ್ಡಿಯಿಂದ ಮುಟ್ಟಿದರೆ ಅದು ಸುಮ್ಮನಿರುತ್ತದೆ. ಇಂಗ್ಲೆಂಡಿನ ಇ. ಎ. ಜಾನ್ಸನ್ ಎಂಬವರು ಬೆರಳಿನಿಂದ ಮುಟ್ಟುವ ಪರದೆಯ ಕುರಿತು 1965ರಲ್ಲೇ ಬರೆದಿದ್ದರು. ವಿಮಾನ ಸಂಚಾರವನ್ನು ನಿಯಂತ್ರಿಸುವವರ ಕೆಲಸವನ್ನು ಹಗುರಗೊಳಿಸುವುದು ಅವರ ಉದ್ದೇಶವಾಗಿತ್ತು. ಆದರೆ ಬೆರಳನ್ನು ಜಾರಿಸಿ ಯಂತ್ರವನ್ನು ನಡೆಸುವ ವಿದ್ಯೆ ಬೆಳೆದುಬಂದ ಕಥೆ ಇನ್ನೂ ಸ್ವಾರಸ್ಯಕರ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ವೇಯ್ನ್ ವೆಸ್ಟರ್‌ಮನ್ ಎಂಬ ಯುವಕನಿಗೆ ಕೈನೋವು ವಿಪರೀತವಾಗಿ, ಕೀಲಿಮಣೆಯನ್ನು ಒತ್ತುವುದೇ ಕಷ್ಟವಾಯಿತು. ಒತ್ತದೆಯೇ, ಬರೀ ಮೃದುವಾಗಿ ಬೆರಳಾಡಿಸಿ ಕೆಲಸ ಸಾಧಿಸುವ ಫಲಕವೊಂದನ್ನು ಅವರು ತಮ್ಮ ಪ್ರಾಧ್ಯಾಪಕ ಜಾನ್ ಎಲಿಯಾಸ್ ಅವರ ಜೊತೆಗೂಡಿ ರೂಪಿಸಿದರು. 1998ರಲ್ಲಿ ಫಿಂಗರ್‌ವರ್ಕ್ಸ್ ಎಂಬ ಸಣ್ಣ ಸಂಸ್ಥೆ ಹುಟ್ಟಿತು. 2005ರಲ್ಲಿ ಆಪಲ್ ಸಂಸ್ಥೆ ಅದನ್ನು ಕೊಂಡಿತು. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಐಫೋನನ್ನು ವೇದಿಕೆಯ ಮೇಲೆ ತೋರಿಸಿದಾಗ, ಬೆರಳಿನಿಂದ ಒಂದು ಗುಂಡಿಯನ್ನು ಪಕ್ಕಕ್ಕೆ ಸರಿಸಿ ಬೀಗ ತೆರೆದದ್ದನ್ನೂ ಹೆಸರುಗಳ ಪಟ್ಟಿ ಬೆರಳಿನ ತಳ್ಳುವಿಕೆಗೆ ಓಡಿ ತಾನಾಗಿ ನಿಧಾನಿಸಿದ್ದನ್ನೂ ಕಂಡು ಜನ ಚಪ್ಪಾಳೆ ತಟ್ಟಿದರು. ನೋಯುವ ಕೈಗಳ ಮೇಲಿನ ಕನಿಕರದಿಂದ ಬೆಳೆದ ವಿದ್ಯೆಯನ್ನು ಹುಟ್ಟಿನಿಂದಲೇ ಕೆಟ್ಟದ್ದು ಎನ್ನಲಾಗದು. 2017ರ ಐಫೋನ್ ಹತ್ತರಲ್ಲಿ ಮುಂಭಾಗದ ಗುಂಡಿಯೇ ಮಾಯವಾಯಿತು. 2019ರ ಆಂಡ್ರಾಯ್ಡ್ ಹತ್ತು ಕೂಡ ಹಿಂದಕ್ಕೆ ಹೋಗಲು, ಮನೆಪುಟಕ್ಕೆ ಮರಳಲು ಬರೀ ಬೆರಳು ಜಾರಿಸಿದರೆ ಸಾಕೆಂಬ ವ್ಯವಸ್ಥೆಯನ್ನು ತಂದಿತು.

ಮನೆ ಆಶೀರ್ವಾದಕ್ಕೆ ಹೋಗಿದ್ದಾಗ ಒಬ್ಬ ತಂದೆ ನನ್ನನ್ನು ಕೇಳಿದರು: “ಫಾದರ್, ಇವನು ಶಾಲೆಯಿಂದ ಬಂದವನೇ ಫೋನು ಉಜ್ಜುತ್ತಾ ಕೂರುತ್ತಾನೆ. ಇದು ಪಾಪವಲ್ಲವೇ? ಪಾಪನಿವೇದನೆಯಲ್ಲಿ ಹೇಳಬೇಕೆಂದು ನೀವೇ ಹೇಳಿ.” ಹುಡುಗ ತಲೆಯೆತ್ತದೆ ಉತ್ತರಿಸಿದ: “ಅಪ್ಪನೂ ಉಜ್ಜುತ್ತಾರೆ ಫಾದರ್.” ಎಲ್ಲರೂ ನಕ್ಕೆವು. ಆದರೂ ತಂದೆಯ ಪ್ರಶ್ನೆಗೆ ಉತ್ತರ ಸಲ್ಲಬೇಕಾಗಿತ್ತು.

ಬೆರಳನ್ನು ಜಾರಿಸುವುದು ಪಾಪವಲ್ಲ. ಪುಸ್ತಕದ ಹಾಳೆ ತಿರುವುವುದು ಪಾಪವಲ್ಲದ ಹಾಗೆಯೇ ಇದೂ. ಆದರೆ ಗುರುವಿದ್ಯಾಮಂದಿರದಲ್ಲಿ ನಮಗೆ ಕಲಿಸಿದ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರ ಇಲ್ಲಿ ನೆನಪಿಗೆ ಬರುತ್ತದೆ. ಮನುಷ್ಯನ ಗುಣ ಒಂದೇ ಕ್ರಿಯೆಯಿಂದ ರೂಪುಗೊಳ್ಳುವುದಿಲ್ಲ. ಮತ್ತೆ ಮತ್ತೆ ಮಾಡಿದ ಕ್ರಿಯೆಗಳು ಆತನೊಳಗೆ ಒಂದು ಸ್ಥಿರವಾದ ಒಲವಾಗಿ ನೆಲೆಯೂರುತ್ತವೆ. ಲತೀನಿನಲ್ಲಿ ಅದನ್ನು ‘ಹಾಬಿತುಸ್’ ಎನ್ನುತ್ತಾರೆ. ಉಳುವವನ ಅಂಗೈಯಲ್ಲಿ ದಡ್ಡು ಕಟ್ಟುವಂತೆ ಮನಸ್ಸಿನಲ್ಲೂ ದಡ್ಡು ಕಟ್ಟುತ್ತದೆ. ಜಪಸರದ ಮಣಿಗಳನ್ನು ಒಂದೊಂದಾಗಿ ಸರಿಸುವಾಗ ನಮ್ಮ ಹೆಬ್ಬೆರಳು ಮಾಡುವ ಕೆಲಸವೂ ಪುನರಾವರ್ತನೆಯೇ. ಆದ್ದರಿಂದ ಪುನರಾವರ್ತನೆಯನ್ನು ದೂರುವ ಹಕ್ಕು ನಮಗಿಲ್ಲ. ಕೇಳಬೇಕಾದ್ದು, ಈ ಪುನರಾವರ್ತನೆ ನಮ್ಮನ್ನು ಯಾವುದಕ್ಕೆ ಪಳಗಿಸುತ್ತಿದೆ ಎಂದು.

ಆಟಗಳ ವಿಷಯದಲ್ಲಿ ನನಗೆ ಅಷ್ಟಾಗಿ ಆತಂಕವಿಲ್ಲ. 2010ರಲ್ಲಿ ಆಸ್ಟ್ರೇಲಿಯದಿಂದ ಬಂದ ಫ್ರೂಟ್ ನಿಂಜಾದಲ್ಲಿ ಮೇಲಕ್ಕೆ ಹಾರುವ ಹಣ್ಣುಗಳನ್ನು ಬೆರಳಿನಿಂದ ಸವರಿ ತುಂಡರಿಸಬೇಕು. ನಡುವೆ ಬರುವ ಬಾಂಬನ್ನು ಮುಟ್ಟಬಾರದು. ಇಟಲಿಯ ಹತ್ತೊಂಬತ್ತರ ಹರೆಯದ ಗಾಬ್ರಿಯೆಲೆ ಚಿರುಲ್ಲಿ 2014ರಲ್ಲಿ ರಚಿಸಿದ ‘2048’ ಎಂಬ ಅಂಕಿಯಾಟ ಬುದ್ಧಿಗೆ ಒಳ್ಳೆಯ ಕಸರತ್ತು. 2011ರ ಟೆಂಪಲ್ ರನ್ ಮಾತ್ರ ಸ್ವಲ್ಪ ಯೋಚನೆಗೆ ಹಚ್ಚುತ್ತದೆ. ಗುಡಿಯೊಂದರಿಂದ ವಿಗ್ರಹವನ್ನು ಕದ್ದವನೊಬ್ಬ ಓಡುತ್ತಾನೆ. ಹಿಂದೆ ಕೋತಿಯಂಥ ಭಯಂಕರ ಪ್ರಾಣಿಗಳು ಅಟ್ಟಿಸಿಕೊಂಡು ಬರುತ್ತವೆ. ಎಡಕ್ಕೆ ಬಲಕ್ಕೆ ಸವರಿದರೆ ತಿರುವು, ಮೇಲಕ್ಕೆ ಸವರಿದರೆ ನೆಗೆತ, ಕೆಳಕ್ಕೆ ಸವರಿದರೆ ಜಾರುವಿಕೆ. ನಿಲ್ಲಲು ಮಾತ್ರ ಯಾವ ಸನ್ನೆಯೂ ಇಲ್ಲ. ಎಷ್ಟೇ ಚೆನ್ನಾಗಿ ಆಡಿದರೂ ಆತ ಮನೆ ಸೇರುವುದಿಲ್ಲ, ವಿಗ್ರಹವನ್ನು ಹಿಂದಿರುಗಿಸುವ ಅವಕಾಶವೂ ಇಲ್ಲ. ಪಶ್ಚಾತ್ತಾಪಕ್ಕೆ ಎಡೆಯಿಲ್ಲದ ಓಟ! ಆದರೂ ಅದು ಆಟ. ಕತ್ತರಿಸಿದ ಕಲ್ಲಂಗಡಿಗೆ ತಾಯಿಯಿಲ್ಲ, ತಂದೆಯಿಲ್ಲ.

ಕಷ್ಟ ಬರುವುದು ಆ ಹಣ್ಣಿನ ಜಾಗದಲ್ಲಿ ಮುಖವೊಂದು ಬಂದಾಗ. 2012ರಲ್ಲಿ ಅಮೆರಿಕದಲ್ಲಿ ಆರಂಭವಾದ ಟಿಂಡರ್ ಎಂಬ ಆ್ಯಪ್ ಒಂದು ಪದ್ಧತಿಯನ್ನು ಲೋಕಕ್ಕೆಲ್ಲ ಹರಡಿತು: ಭಾವಚಿತ್ರ ಮೆಚ್ಚುಗೆಯಾದರೆ ಬಲಕ್ಕೆ, ಆಗದಿದ್ದರೆ ಎಡಕ್ಕೆ. ಎಡಕ್ಕೆ ಸರಿದವರಿಗೆ ತಾವು ಸರಿದ ಸುದ್ದಿಯೇ ತಿಳಿಯದು. ಇಂಥ ಆ್ಯಪ್‌ಗಳನ್ನು ಬೈಯುವ ಮೊದಲು ನಮ್ಮ ಹಳೆಯ ಸಂಪ್ರದಾಯವನ್ನು ನೆನೆಯೋಣ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು, ಕೇಸರಿಬಾತು ಬಡಿಸಿದ ಹುಡುಗಿ, ಬಣ್ಣ ಕಡಿಮೆ, ಎತ್ತರ ಕಡಿಮೆ ಎಂಬ ಮಾತುಗಳನ್ನು ಬಾಗಿಲ ಸಂದಿನಿಂದ ಕೇಳಿಸಿಕೊಂಡು ಅತ್ತದ್ದಿಲ್ಲವೇ? ಆ ಅವಮಾನಕ್ಕೆ ಹೋಲಿಸಿದರೆ ತಿಳಿಯದೆ ಸರಿದುಹೋಗುವುದೇ ಎಷ್ಟೋ ಮೇಲು ಎಂದು ಒಬ್ಬ ಯುವತಿ ನನ್ನೊಡನೆ ವಾದಿಸಿದಾಗ ನಾನು ಒಪ್ಪಿದೆ. ಆದರೆ ಹಳೆಯ ಕ್ರಮದಲ್ಲಿ ‘ಬೇಡ’ ಎಂಬ ಮಾತನ್ನು ಯಾರಾದರೊಬ್ಬರು ಹೊತ್ತುಕೊಂಡು ಹೋಗಿ ಹೇಳಬೇಕಾಗಿತ್ತು. ಅದಕ್ಕಾಗಿ ಸೋದರಮಾವನೋ ಊರಿನ ಹಿರಿಯರೋ ಬಸ್ಸು ಹತ್ತಬೇಕಾಗಿತ್ತು; ಬಾಯಿ ತೆರೆಯಲು ತಡವರಿಸಬೇಕಾಗಿತ್ತು. ನಿರಾಕರಣೆಗೆ ಒಂದು ಭಾರವಿತ್ತು. ಆ ಭಾರ ಪೂರ್ಣವಾಗಿ ಇಳಿದುಹೋದಾಗ, ಒಬ್ಬ ವ್ಯಕ್ತಿಯನ್ನು ಬೇಡವೆನ್ನುವುದು ಮತ್ತು ಕೊತ್ತಂಬರಿ ಕಟ್ಟಿನಿಂದ ಹಳದಿ ಎಲೆಯನ್ನು ಕಿತ್ತುಹಾಕುವುದು ಎರಡೂ ಒಂದೇ ಆಗಿಬಿಡುತ್ತವೆ.

ಇನ್ನು ಮೇಲಕ್ಕೆ ಸವರುವುದು. ಪುಟದ ಕೊನೆ ಎಂಬುದೇ ಇಲ್ಲದಂತೆ ತಾನಾಗಿ ಮುಂದಿನದು ಬಂದು ಸೇರುವ ಏರ್ಪಾಟನ್ನು ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರು 2006ರಲ್ಲಿ ರೂಪಿಸಿದರು. ಮುಂದೆ ಅದಕ್ಕಾಗಿ ಅವರೇ ಬಹಿರಂಗವಾಗಿ ವಿಷಾದಪಟ್ಟರು. ಜಪಸರಕ್ಕೆ ಐದು ದಶಕಗಳಾದ ಮೇಲೆ ಶಿಲುಬೆ ಸಿಗುತ್ತದೆ. ರೀಲ್ಸ್, ಶಾರ್ಟ್ಸ್‌ಗಳ ಸರಕ್ಕೆ ಅಂಥ ಗಂಟಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ನಮ್ಮ ಕೈಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಕೆಸರಿನಲ್ಲಿ ಮಗುವನ್ನು ಹುಡುಕುವ ತಂದೆ, ಬೆರಳು ಸವರಿತು. ಬಿರಿಯಾನಿ ಮಾಡುವ ವಿಧಾನ, ಬೆರಳು ಸವರಿತು. ಯಾರೋ ಜಾರಿ ಬಿದ್ದ ತಮಾಷೆ, ಬೆರಳು ಸವರಿತು. ಮೂರಕ್ಕೂ ಒಂದೇ ಸನ್ನೆ, ಒಂದೇ ಬಲ.

ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಯಾಜಕನೂ ಲೇವಿಯನೂ ಗಾಯಾಳುವನ್ನು ಕಂಡರು ಎಂದು ಸಂತ ಲೂಕರು ಸ್ಪಷ್ಟವಾಗಿ ಬರೆಯುತ್ತಾರೆ. ಕಾಣದೆ ಹೋದವರಲ್ಲ, ಕಂಡು, ಮಗ್ಗುಲಾಗಿ ಹೋದವರು. (ಕಥೆಯಲ್ಲಿ ಮೊದಲು ಬರುವವನು ಯಾಜಕ ಎಂಬುದು ನಮ್ಮಂಥವರಿಗೆ ಎಂದೂ ಹಿತವಾದ ಸಂಗತಿಯಲ್ಲ.) ಪೋಪ್ ಫ್ರಾನ್ಸಿಸರು 2020ರ ಅಕ್ಟೋಬರಿನಲ್ಲಿ ಹೊರಡಿಸಿದ ‘ಫ್ರತೆಲ್ಲಿ ತುತ್ತಿ’ ವಿಶ್ವಪತ್ರದ ಎರಡನೆಯ ಅಧ್ಯಾಯವನ್ನು ಇಡಿಯಾಗಿ ಈ ಸಾಮತಿಗೆ ಮೀಸಲಿಟ್ಟರು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ಪರದೆಯ ಮೇಲೆ ಬರುವ ಪ್ರತಿಯೊಬ್ಬ ನೊಂದವನಿಗಾಗಿ ನಿಲ್ಲಲು ಯಾರಿಂದ ಸಾಧ್ಯ? ಆ ಸಮಾರಿಯದವನಿಗೂ ಎದುರಾದದ್ದು ಒಂದು ದಾರಿ, ಒಬ್ಬ ಗಾಯಾಳು. ಒಂದೇ ಸಂಜೆಯಲ್ಲಿ ಇನ್ನೂರು ಗಾಯಾಳುಗಳು ಎದುರಾಗಿದ್ದರೆ ಅವನ ಕತ್ತೆಯೂ ದ್ರಾಕ್ಷಾರಸವೂ ಎಣ್ಣೆಯೂ ಸಾಲುತ್ತಿರಲಿಲ್ಲ. ಆಕ್ಷೇಪಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಕರ್ತವ್ಯಲೋಪದ ಪಾಪಕ್ಕೆ ಕೈಗೆಟುಕುವ ಕರ್ತವ್ಯವೊಂದು ಇರಬೇಕು. ಏನನ್ನೂ ಮಾಡಲಾಗದ ದೂರದ ದೃಶ್ಯವನ್ನು ಸರಿಸಿದವನನ್ನು ನಾನು ಲೇವಿಯನೆಂದು ಕರೆಯಲಾರೆ. ವಯನಾಡಿನ ಆ ತಂದೆಗೆ ನಮ್ಮ ಬೆರಳಿನಿಂದ ಯಾವ ಹಾನಿಯೂ ತಟ್ಟಲಿಲ್ಲ.

ಹಾನಿ ತಟ್ಟುವುದು ಪರದೆಯ ಹೊರಗಿರುವವರಿಗೆ. ಕಂಡೂ ಏನನ್ನೂ ಮಾಡದಿರುವುದನ್ನು ದಿನಕ್ಕೆ ನೂರು ಸಲ ಅಭ್ಯಾಸ ಮಾಡಿದ ಮನಸ್ಸು ಫೋನನ್ನು ಮೇಜಿನ ಮೇಲಿಟ್ಟ ಮೇಲೂ ಅದೇ ಮನಸ್ಸಾಗಿ ಉಳಿಯುತ್ತದೆ. ಅಜ್ಜಿ ಮಂಡಿನೋವಿನ ಮಾತನ್ನು ಮೂರನೆಯ ಸಲ ಆರಂಭಿಸುತ್ತಾರೆ. ಶಾಲೆಯಲ್ಲಿ ನಡೆದದ್ದನ್ನು ಹೇಳಲು ಬಂದ ಮಗಳು ಮುಖ್ಯ ವಿಷಯಕ್ಕೆ ಬರಲು ಐದು ನಿಮಿಷ ಸುತ್ತುತ್ತಾಳೆ. ಹೆಂಡತಿ ಏನನ್ನೋ ಹೇಳದೆ ಸುಮ್ಮನಿದ್ದಾಳೆ. ಇವರನ್ನು ಮೇಲಕ್ಕೆ ಸವರಲು ಬರುವುದಿಲ್ಲ. ಆದರೆ ಒಳಗಿನ ಹೆಬ್ಬೆರಳು ಆಗಲೇ ಚಲಿಸಿರುತ್ತದೆ. ಕಣ್ಣು ಅವರ ಮುಖದ ಮೇಲಿದ್ದಂತೆಯೇ ಗಮನ ಮುಂದಿನದಕ್ಕೆ ಜಾರುತ್ತದೆ. ಇದನ್ನು ಅವರು ಗುರುತಿಸುತ್ತಾರೆ. ಮಕ್ಕಳಂತೂ ಬೇಗ ಗುರುತಿಸುತ್ತಾರೆ. ನಾನು ಆ ತಂದೆಗೆ ಹೇಳಿದ್ದು ಇಷ್ಟೇ: ಹುಡುಗ ಎಷ್ಟು ಹೊತ್ತು ಉಜ್ಜಿದ ಎಂದು ಗಡಿಯಾರ ನೋಡುವುದಕ್ಕಿಂತ, ಫೋನು ಬದಿಗಿಟ್ಟ ಮೇಲೆ ಅವನ ತಂಗಿ ಅರ್ಧ ಹೇಳಿದ ಮಾತಿಗೆ ಅವನು ಕಾಯುತ್ತಾನೆಯೇ ಎಂದು ನೋಡಿ. ಹಾಗೆಯೇ ನೀವೂ ಕಾಯುತ್ತೀರಾ ಎಂದು ಅವನು ನೋಡಲಿ.

ಸವರುವ ಬೆರಳಿಗೆ ಮತ್ತೊಂದು ಬಳಕೆಯೂ ಇದೆ ಎಂಬುದು ಕಣ್ಣುಳ್ಳವರಲ್ಲಿ ಬಹುಪಾಲು ಜನರಿಗೆ ತಿಳಿಯದು. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್ ಎಂಬ ಸೌಲಭ್ಯ ಸೇರಿತು. ಆಂಡ್ರಾಯ್ಡ್‌ನಲ್ಲಿ ಅಂಥದ್ದಕ್ಕೆ ಟಾಕ್‌ಬ್ಯಾಕ್ ಎನ್ನುತ್ತಾರೆ. ದೃಷ್ಟಿಯಿಲ್ಲದವರು ಅದನ್ನು ಚಾಲನೆಯಲ್ಲಿಟ್ಟರೆ ಸನ್ನೆಗಳ ಅರ್ಥವೇ ಬದಲಾಗುತ್ತದೆ. ಬಲಕ್ಕೆ ಸವರಿದರೆ ಪರದೆಯ ಮೇಲಿನ ಮುಂದಿನ ವಸ್ತುವನ್ನು ಯಂತ್ರ ಓದಿ ಹೇಳುತ್ತದೆ. ಎಡಕ್ಕೆ ಸವರಿದರೆ ಹಿಂದಿನದನ್ನು ಮತ್ತೆ ಹೇಳುತ್ತದೆ. ಬೇಕಾದದ್ದು ಬಂದಾಗ ಎರಡು ಸಲ ತಟ್ಟಿ ತೆರೆಯಬೇಕು. ಒಂದೇ ನೋಟಕ್ಕೆ ಇಡೀ ಪುಟವನ್ನು ತಳ್ಳಿಹಾಕುವ ಅನುಕೂಲ ಅವರಿಗಿಲ್ಲ. ಒಂದೊಂದನ್ನೂ ಕಿವಿಗೊಟ್ಟು ಕೇಳುತ್ತಾ ಸಾಗಬೇಕು.

ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡ ನಿವೃತ್ತ ಶಿಕ್ಷಕರೊಬ್ಬರು ನನಗೆ ಪರಿಚಿತರು. ಈ ವಿದ್ಯೆಯನ್ನು ಮೊಮ್ಮಗನಿಂದ ಕಲಿತು, ದಿನದ ಶುಭಸಂದೇಶದ ವಾಚನವನ್ನು ಫೋನಿನಲ್ಲೇ ಕೇಳುತ್ತಾರೆ. ವಾಟ್ಸಾಪಿನಲ್ಲಿ ಮಗಳ ಹೆಸರನ್ನು ಹುಡುಕಬೇಕಾದರೆ ಒಂದೊಂದಾಗಿ ಸವರುತ್ತಾ ಹೋಗುತ್ತಾರೆ. ಅಷ್ಟು ತಡವಾಗುವುದು ಬೇಸರವಲ್ಲವೇ ಎಂದು ಕೇಳಿದೆ. “ಬೇಸರವೇ, ಫಾದರ್. ಆದರೆ ಮಗಳ ಹೆಸರು ಬರುವ ಹೊತ್ತಿಗೆ ಹತ್ತು ಹದಿನೈದು ಜನರ ಹೆಸರು ಕೇಳಿರುತ್ತೇನೆ. ಪಾಪ, ಇವರು ಹೇಗಿದ್ದಾರೋ ಅನ್ನಿಸುತ್ತದೆ. ಮಗಳ ಜೊತೆ ಮಾತಾದ ಮೇಲೆ ಅವರಲ್ಲಿ ಒಬ್ಬರಿಗೆ ಫೋನು ಮಾಡುತ್ತೇನೆ” ಎಂದರು.