ಬೆಳಕಿಂಡಿ ಹೇಳುವುದೆಷ್ಟು?

ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಎಂಬುದು ದೇವದುರ್ಗ, ಮಾನ್ವಿಯ ಶಾಲೆಗಳ ಮಕ್ಕಳಿಗೆ ಗೊತ್ತು. ಹೇಗೆ ಗೊತ್ತು ಎಂದು ಕೇಳಿದರೆ, ‘ಪುಸ್ತಕದಲ್ಲಿದೆ’, ‘ಸರ್ ಹೇಳ್ಯಾರ’ ಎಂಬ ಉತ್ತರ ಬರುತ್ತದೆ. ಹೇಳಿದ್ದು ನಿಜವೇ. ಆದರೆ ಮತ್ತೊಬ್ಬರ ಮಾತಿಗೆ ತಲೆದೂಗಿ ಸುಳ್ಳನ್ನು ನಂಬುವವರಿಗೂ ಈ ಮಕ್ಕಳಿಗೂ ಏನು ವ್ಯತ್ಯಾಸ?

ಹಾಗಾದರೆ ಮನೆಯಲ್ಲೇ ಪರೀಕ್ಷಿಸೋಣ. ರಾಯಚೂರು ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ. ಇಲ್ಲದಿದ್ದರೆ ಬಿಸಿಲು ಬೀಳುವ ಕಿಟಕಿಗೆ ರಟ್ಟು ಮುಚ್ಚಿ ಸಣ್ಣ ತೂತು ಮಾಡಿದರಾಯಿತು. ನೆಲದ ಮೇಲೆ ಮೂಡುವ ಬಿಸಿಲ ಬಿಲ್ಲೆಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಕಾಯಿರಿ. ಸುಮಾರು 2 ನಿಮಿಷದಲ್ಲಿ ಬಿಲ್ಲೆ ತನ್ನಗಲದಷ್ಟು ಸರಿದು ಗೆರೆಯಾಚೆ ನಿಂತಿರುತ್ತದೆ. ‘ನೋಡಿದಿರಾ, ಭೂಮಿ ತಿರುಗಿತು’ ಎಂದು ಎಷ್ಟೋ ಪ್ರಾತ್ಯಕ್ಷಿಕೆಗಳು ಇಲ್ಲಿಗೇ ಮುಗಿಯುತ್ತವೆ.

ನನ್ನ ತಕರಾರು ಇಲ್ಲಿಂದಲೇ ಶುರು. ಭೂಮಿ ನಿಂತು ಸೂರ್ಯನೇ ಸುತ್ತಿದ್ದರೂ ಬಿಲ್ಲೆ ಹೀಗೇ ಸರಿಯುತ್ತಿತ್ತು. ಎರಡರಲ್ಲಿ ಒಂದು ಚಲಿಸುತ್ತಿದೆ ಎಂದಷ್ಟೇ ಬೆಳಕಿಂಡಿ ಹೇಳುತ್ತದೆ. ಯಾವುದು ಎಂದು ಹೇಳುವುದಿಲ್ಲ.

ಈ ಗೊಂದಲ ಹಳೆಯದು. ದೋಣಿಯಲ್ಲಿ ಕೂತವನಿಗೆ ದಡವೇ ಹಿಂದೆ ಸರಿದಂತೆ ಕಾಣುವ ಹಾಗೆ ನಕ್ಷತ್ರಗಳು ನಮಗೆ ಚಲಿಸಿದಂತೆ ಕಾಣುತ್ತವೆ ಎಂದು 499ರಲ್ಲೇ ಆರ್ಯಭಟ ಹೇಳಿದ. 628ರಲ್ಲಿ ಬ್ರಹ್ಮಗುಪ್ತ ಒಪ್ಪಲಿಲ್ಲ: ಭೂಮಿ ತಿರುಗುವುದಾದರೆ ಎತ್ತರದ ವಸ್ತುಗಳು ಯಾಕೆ ಉರುಳುವುದಿಲ್ಲ? ಇದು ದಡ್ಡ ಪ್ರಶ್ನೆಯಲ್ಲ. ರಾಯಚೂರಿನ ನೆಲ ಗಂಟೆಗೆ ಸುಮಾರು 1600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಸಮವೇಗದಲ್ಲಿ ಓಡುವ ಮಾನ್ವಿ ಬಸ್ಸಿನಲ್ಲಿ ನಾಣ್ಯ ಚಿಮ್ಮಿಸಿದರೆ ಅದು ಅಂಗೈಗೇ ಮರಳುತ್ತದೆ, ಏಕೆಂದರೆ ಬಸ್ಸಿನ ವೇಗ ನಾಣ್ಯಕ್ಕೂ ಇದೆ. ಬ್ರಹ್ಮಗುಪ್ತನ ಆಕ್ಷೇಪಕ್ಕೆ ಇದು ಉತ್ತರ. ಆದರೆ ಭೂಮಿ ತಿರುಗುತ್ತದೆ ಎಂಬುದಕ್ಕೆ ಪುರಾವೆಯಲ್ಲ.

ಪುರಾವೆ ಕಣ್ಣೆದುರು ತೂಗಿದ್ದು 1851ರಲ್ಲಿ. ಪ್ಯಾರಿಸ್ಸಿನ ಪ್ಯಾಂಥಿಯಾನ್ ಕಟ್ಟಡದಲ್ಲಿ ಫೂಕೋ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ ತೂಗಿಬಿಟ್ಟ. ಹೊತ್ತು ಹೋದಂತೆ ಲೋಲಕ ತೂಗುವ ದಿಕ್ಕು ನೆಲದ ಮೇಲೆ ನಿಧಾನ ತಿರುಗಿತು. ಅಲ್ಲಿ ಒಂದು ಸುತ್ತಿಗೆ ಸುಮಾರು 32 ಗಂಟೆ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ಈ ತಿರುಗು ನಿಧಾನವಾಗುತ್ತದೆ. ರಾಯಚೂರಿನಲ್ಲಿ ಒಂದು ಸುತ್ತಿಗೆ ಸುಮಾರು 86 ಗಂಟೆ ಬೇಕು. ಹತ್ತು ನಿಮಿಷಕ್ಕೆ 1 ಡಿಗ್ರಿಯೂ ಇಲ್ಲ! ಮನೆಯ ಜಂತಿಗೆ ಹಗ್ಗ ಕಟ್ಟಿ ತೂಗಿದರೆ, ಬಿಡುವಾಗ ಕೈ ತುಸು ಅಲುಗಿದರೂ ಸಾಕು, ಗುಂಡು ಅದಕ್ಕಿಂತ ಹೆಚ್ಚು ತಿರುಗುತ್ತದೆ. ಅದನ್ನು ತೋರಿಸಿ ಭೂಮಿಯ ಹೆಸರು ಹೇಳಿದರೆ ಮಕ್ಕಳು ಚಪ್ಪಾಳೆ ತಟ್ಟಿಯಾರು.

ತೀರ್ಮಾನ ನಿಜವಿರುವಾಗ ಪುರಾವೆ ತುಸು ಸಡಿಲವಾದರೇನು ಎಂದು ಕೇಳಬಹುದು. ನನ್ನ ಮಟ್ಟಿಗೆ ಅದು ಮೋಸವೇ. ಇಂಥ ಪುರಾವೆಗೆ ತಲೆದೂಗಲು ಕಲಿತ ಮಗು, ನಾಳೆ ಮತ್ತೊಬ್ಬರು ಇಂಥದೇ ಪುರಾವೆ ಹಿಡಿದು ಸುಳ್ಳು ಹೇಳಲು ಬಂದಾಗ ಯಾವ ಬಲದಿಂದ ಬೇಡ ಎನ್ನಬೇಕು?

ಎಲ್ಲವನ್ನೂ ನಾವೇ ಪರೀಕ್ಷಿಸಲಾಗದು, ನಂಬಲೇಬೇಕಾಗುತ್ತದೆ. ಆದರೆ ಎದುರು ಪ್ರಶ್ನೆಗೆ ಜಾಗ ಬಿಡುವ ಮಾತನ್ನು ನಂಬುವುದಕ್ಕೂ ಬಿಡದ ಮಾತನ್ನು ನಂಬುವುದಕ್ಕೂ ವ್ಯತ್ಯಾಸವಿದೆ. ಬಿಸಿಲ ಬಿಲ್ಲೆ ಸರಿದಾಗ ‘ಸೂರ್ಯನೇ ಸರಿದಿರಬಾರದೇಕೆ ಸರ್?’ ಎಂದು ಯಾರಾದರೂ ಕೇಳಿದರೆ, ಪ್ರಯೋಗ ಕೆಟ್ಟಿತು ಎಂದುಕೊಳ್ಳಬೇಕಿಲ್ಲ. ಪಾಠ ಶುರುವಾಗುವುದೇ ಅಲ್ಲಿಂದ.