ಒಂದು ಚೆಕ್‌ಬಾಕ್ಸ್ ತೆಗೆದ ಕಥೆ

2017ರ ಡಿಸೆಂಬರ್ ಕೊನೆ ವಾರ. ರಜೆ ಹಾಕಿ ಊರಿಗೆ ಹೊರಡೋ ತರಾತುರಿಯಲ್ಲಿದ್ದಾಗ ಅಮೆರಿಕದ ಕ್ಲೈಂಟ್ ಕಡೆಯಿಂದ ಒಂದು ಟಿಕೆಟ್ ಬಂತು. ಕೆಲಸಕ್ಕೆ ಅರ್ಜಿ ಹಾಕುವ ಫಾರ್ಮ್‌ನಲ್ಲಿ ‘ಈ ಹಿಂದೆ ಯಾವುದಾದರೂ ಅಪರಾಧಕ್ಕೆ ನಿಮಗೆ ಶಿಕ್ಷೆಯಾಗಿದೆಯೇ?’ ಅಂತ ಒಂದು ಚೆಕ್‌ಬಾಕ್ಸ್ ಇತ್ತು. ಕೆಲಸ ಕ್ಯಾಲಿಫೋರ್ನಿಯಾದ್ದಾದರೆ ಅದು ಕಾಣಿಸಬಾರದು, ಜನವರಿ 1ರೊಳಗೆ ಮುಗಿಸಿ ಅಂದರು. ನಾಲ್ಕು ಸಾಲಿನ ಕೋಡ್. ಬೈಕೊಂಡೇ ಬರೆದೆ. ಪಕ್ಕದಲ್ಲಿದ್ದ ಗೆಳೆಯ, ‘ಕಳ್ಳರಿಗೂ ಅನುಕೂಲ ಮಾಡಿಕೊಡ್ತಾರಲ್ಲೋ ಮಾರಾಯ’ ಅಂದ. ನಾನೂ ನಕ್ಕೆ.

ಆ ನಾಲ್ಕು ಸಾಲಿನ ಹಿಂದೆ ಯಾರಿದ್ದರು ಅಂತ ತಿಳಿದದ್ದು ಬಹಳ ದಿನದ ಮೇಲೆ, ಸೂಸನ್ ಬರ್ಟನ್ ಅವರ ಆತ್ಮಕತೆ ‘ಬಿಕಮಿಂಗ್ ಮಿಸ್ ಬರ್ಟನ್’ ಓದಿದಾಗ. ಲಾಸ್ ಏಂಜಲೀಸ್‌ನ ಬಡ ಕಪ್ಪು ಕುಟುಂಬದ ಹೆಣ್ಣುಮಗಳು. ಐದು ವರ್ಷದ ಮಗ ರಸ್ತೆ ದಾಟುವಾಗ ವ್ಯಾನಿಗೆ ಸಿಕ್ಕಿ ಸತ್ತ. ವ್ಯಾನ್ ಓಡಿಸುತ್ತಿದ್ದವನು ಪೊಲೀಸ್ ಅಧಿಕಾರಿ. ಇಲಾಖೆಯಿಂದ ಕ್ಷಮೆಯ ಒಂದು ಮಾತೂ ಬರಲಿಲ್ಲ. ದುಃಖ ತಡೆಯಲಾರದೆ ಕುಡಿತ, ಆಮೇಲೆ ಕ್ರ್ಯಾಕ್ ಕೊಕೇನ್. ಅಲ್ಲಿಂದ ವರ್ಷಗಟ್ಟಲೆ ಜೈಲು, ಬಿಡುಗಡೆ, ಮತ್ತೆ ಜೈಲು. ಮಗನನ್ನು ಕಳಕೊಂಡ ತಾಯಿಗೆ ಸರ್ಕಾರ ಕೊಟ್ಟದ್ದು ಬೇಡಿ ಒಂದೇ.

1997ರಲ್ಲಿ ಆಕೆಗೆ ಸಾಂಟಾ ಮೋನಿಕಾದ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಜಾಗ ಸಿಕ್ತು. ಅದು ಸಮುದ್ರದ ದಂಡೆಯ, ಅನುಕೂಲಸ್ಥರ ಊರು. ಅಲ್ಲಿ ಇದೇ ಚಟಕ್ಕೆ ಬಿದ್ದವರನ್ನು ಚಿಕಿತ್ಸೆಗೆ ಕಳಿಸೋದನ್ನ ಆಕೆ ಕಣ್ಣಾರೆ ಕಂಡರು. ತಮ್ಮ ಕೇರಿಯಲ್ಲಿ ಅದಕ್ಕೆ ಜೈಲು. ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಸ್ತಕದ ಈ ಜಾಗ.

ಮರುವರ್ಷ ವಾಟ್ಸ್ ಅನ್ನೋ ಬಡಾವಣೆಯಲ್ಲಿ ಒಂದು ಪುಟ್ಟ ಮನೆ ಮಾಡಿದರು. ಕ್ಯಾಲಿಫೋರ್ನಿಯಾದ ಜೈಲಿಂದ ಬಿಟ್ಟಾಗ ಕೈಗೆ ಕೊಡುತ್ತಿದ್ದದ್ದು 200 ಡಾಲರ್. ಬಸ್ ಇಳಿಯುವ ಜಾಗದಲ್ಲೇ ಡ್ರಗ್ಸ್ ಮಾರುವವರು, ತಲೆಹಿಡುಕರು ಕಾಯ್ತಾ ನಿಂತಿರುತ್ತಿದ್ದರು. ಅದು ಬರ್ಟನ್‌ಗೆ ಚೆನ್ನಾಗಿ ಗೊತ್ತಿತ್ತು, ತಾವೂ ಅಲ್ಲೇ ಇಳಿದವರಲ್ಲವೇ! ಹಾಗಾಗಿ ತಾವೇ ಹೋಗಿ ನಿಂತು, ಇಳಿದ ಹೆಂಗಸರನ್ನ ಮನೆಗೆ ಕರಕೊಂಡು ಬಂದರು. ‘ಎ ನ್ಯೂ ವೇ ಆಫ್ ಲೈಫ್’ ಶುರುವಾದದ್ದು ಹೀಗೆ. ಮುಂದೆ ಜೈಲು ಕಂಡವರೇ ಸೇರಿ ಕಟ್ಟಿದ ‘ಆಲ್ ಆಫ್ ಅಸ್ ಆರ್ ನನ್’ ಚಳವಳಿಗೂ ಅವರು ಕೈಜೋಡಿಸಿದರು. ಅರ್ಜಿಯಿಂದ ಆ ಚೌಕ ತೆಗೆಯಿರಿ ಅಂತ ಹಟ ಹಿಡಿದದ್ದು ಇವರೇ.

ತಪ್ಪು ಮಾಡಿದವರಿಗೆ ನ್ಯಾಯ ಹೇಗಿರಬೇಕು ಅಂತ ಹೇಳೋ ಹಕ್ಕೇನಿದೆ? ಗೆಳೆಯನ ಮಾತಿನ ಹಿಂದೆ ಇದ್ದದ್ದು ಇದೇ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ನಮ್ಮ ಕಸುಬಿನಲ್ಲಿ ಸ್ಪೆಕ್ ಬರೆದವನಿಗಿಂತ ಬಳಸುವವನಿಗೆ ಬಗ್ ಮೊದಲು ಕಾಣುತ್ತೆ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಬಳಸುವವನು ಯಾರ ಮನೆಗೂ ಕನ್ನ ಹಾಕಿರಲ್ಲವಲ್ಲ. ನಾಳೆ ನನ್ನ ಅಮ್ಮನ ಕತ್ತಿನ ಸರ ಕಿತ್ತವನು ವೇದಿಕೆ ಹತ್ತಿ ಜೈಲು ಸುಧಾರಣೆ ಬಗ್ಗೆ ಮಾತಾಡಿದರೆ ನಾನು ಚಪ್ಪಾಳೆ ತಟ್ತೀನಾ? ಅನುಮಾನವೇ.

ಆದರೆ ಕ್ಷಮಿಸೋದು ಬೇರೆ, ಕೇಳಿಸಿಕೊಳ್ಳೋದು ಬೇರೆ ಅನ್ನಿಸುತ್ತೆ. ಕ್ಷಮಿಸೋದು ಬಿಡೋದು ಅಮ್ಮನಿಗೆ ಸೇರಿದ್ದು. ಕೇಳಿಸಿಕೊಳ್ಳೋದು ನಮ್ಮೆಲ್ಲರ ಮೇಲಿರೋ ಕೆಲಸ. ಬರ್ಟನ್ ತಾನು ತಪ್ಪೇ ಮಾಡಿಲ್ಲ ಅನ್ನಲ್ಲ. ಒಂದೇ ತಪ್ಪಿಗೆ ಒಂದು ಕೇರಿಯಲ್ಲಿ ಔಷಧಿ, ಇನ್ನೊಂದರಲ್ಲಿ ಸರಪಳಿ ಯಾಕೆ ಅಂತಾರೆ. ಎರಡೂ ಕಡೆ ಇದ್ದು ಬಂದವರಿಗಲ್ಲದೆ ಇದು ಇನ್ಯಾರಿಗೆ ಕಾಣಬೇಕು? ತಪ್ಪೇ ಮಾಡದ ನನಗಂತೂ ಕಂಡಿರಲಿಲ್ಲ.

ಅಷ್ಟಕ್ಕೂ ಆ ಕಾನೂನು ಯಾರ ಹಿನ್ನೆಲೆಯನ್ನೂ ಮುಚ್ಚಿಡೋದಿಲ್ಲ. ಮೊದಲು ಅರ್ಹತೆ ನೋಡಿ, ಷರತ್ತಿನ ಮೇಲೆ ಕೆಲಸ ಕೊಡ್ತೀವಿ ಅಂದಮೇಲೆ ಹಿಂದಿನದ್ದು ವಿಚಾರಿಸಿ ಅನ್ನುತ್ತೆ. ಬೇಡ ಅನ್ನೋದಾದರೆ ತಪ್ಪು ಎಂಥದ್ದು, ಎಷ್ಟು ವರ್ಷವಾಯ್ತು, ಈ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಅಂತ ಯೋಚಿಸಬೇಕು. ಬರೆದು ತಿಳಿಸಬೇಕು. ಉತ್ತರ ಕೊಡಲು ಕನಿಷ್ಠ 5 ಕೆಲಸದ ದಿನ ಬಿಡಬೇಕು.

ಆ ಐದು ದಿನದ ವಿಷಯ ಓದಿದಾಗ ನೆನಪಾದದ್ದು ಬೆಂಗಳೂರಿನ ನನ್ನದೇ ಒಂದು ಸಂಗತಿ. ನಾನು ಇಂಟರ್‌ವ್ಯೂ ಮಾಡಿದ್ದ ಒಬ್ಬ ಹುಡುಗಿ, ನನ್ನ ಹಾಗೇ ಹಳ್ಳಿ ಕಡೆಯವಳು, ಎರಡು ರೌಂಡೂ ಚೆನ್ನಾಗಿ ಮಾಡಿದ್ದಳು. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಊರಿನ ಠಾಣೆಯಲ್ಲಿ ಕೇಸಿದೆ ಅಂತ ಬಂತು. ಮುಂದುವರಿಯೋಣವಾ ಅಂತ ಎಚ್‌ಆರ್ ಮೇಲ್ ಹಾಕಿದರು. ಊಟಕ್ಕೆ ಏಳುವ ಹೊತ್ತು. ‘ಬೇಡ’ ಅಂತ ಟೈಪ್ ಮಾಡಿ ಎದ್ದೆ. ಏನು ಕೇಸು ಅಂತ ನಾನು ಕೇಳಲಿಲ್ಲ. ಯಾಕೆ ಬೇಡ ಅಂತ ನನ್ನನ್ನೂ ಯಾರೂ ಕೇಳಲಿಲ್ಲ.

ಅವಳಿಗೆ ಹೋದದ್ದು ಎಲ್ಲರಿಗೂ ಹೋಗುವ ಮಾಮೂಲಿ ಮೇಲ್. ಅದನ್ನ ಕಳಿಸೋ ಟೆಂಪ್ಲೇಟ್ ಕೂಡ ನಮ್ಮ ಟೀಮೇ ಬರೆದದ್ದು.